ಒರೆಗಲ್ಲಿಗೂ ಒಂದು ಒರೆ

ಹೊಸ ಸೀಸೆ ಬಂದ ದಿನ ಮೊದಲ ಚುಚ್ಚು ನನಗೇ.
ಎಡ ಮುಂಗೈ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ,
ಒಂದು ಹನಿ ಹಿಸ್ಟಮಿನ್.
ಹತ್ತು ನಿಮಿಷದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ
ಸುತ್ತ ಕೆಂಪು ಹರಡಿದರೆ
ಪಟ್ಟಿ ಇಟ್ಟು ಅಳೆದು ಬರೆಯುತ್ತೇನೆ:
ಐದು ಮಿಲಿಮೀಟರ್. ಕೆಳಗೆ ರುಜು.

ಹೋದ ಚಳಿಗಾಲದ ಸೀಸೆ ಎರಡಕ್ಕೇ ನಿಂತಿತ್ತು.
ಯಾರೋ ಅದನ್ನು ಕಿಟಕಿಕಟ್ಟೆಯಲ್ಲಿ
ಕಾಫಿ ಲೋಟದ ಪಕ್ಕ ಮರೆತಿದ್ದರು.
ಆ ಯಾರೋ ನಾನೇ.
ಅದನ್ನೂ ಬರೆದಿದ್ದೇನೆ.

ಚಿನ್ನಕ್ಕೆ ಒರೆಗಲ್ಲು. ಒರೆಗಲ್ಲಿಗೆ?
ವಿಲ್ಯಾಂದಿಯ ಈ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ,
ಸದ್ಯಕ್ಕೆ, ನನ್ನ ಕೈ.

ಕಲ್ಯು ರಾಂದ್ಮಾ ಬೇಕರಿಯವನು.
ಮೂವತ್ತೆಂಟು ವರ್ಷ ರೈ ಹಿಟ್ಟಿನ ಧೂಳು ಕುಡಿದ ಎದೆ
ಈಗ ಮೂಟೆ ಬಿಚ್ಚಿದರೆ ಸಾಕು, ಸೀಟಿ ಹೊಡೆಯುತ್ತದೆ.
ತೋಳು ಚಾಚಿದ. ಪೆನ್ನಿನಲ್ಲಿ ಗುರುತು ಹಾಕಿದೆ:
ರೈ, ಗೋಧಿ, ಬರ್ಚ್ ಮರದ ಪರಾಗ, ಹಿಟ್ಟಿನ ಹುಳು,
ಒಂದು ತುದಿಗೆ ಬರಿಯ ಉಪ್ಪುನೀರು, ಏನೂ ಹೇಳಬಾರದ್ದು;
ಇನ್ನೊಂದು ತುದಿಗೆ ಹಿಸ್ಟಮಿನ್, ಹೇಳಲೇಬೇಕಾದದ್ದು.

ಹದಿನೈದು ನಿಮಿಷ ಕಳೆದರೂ ತೋಳು
ಹಿಮ ಬಿದ್ದ ಹೊಲ. ಈ ತುದಿಯಿಂದ ಆ ತುದಿಗೆ ಸಪಾಟು.

"ಹಾಗಾದರೆ ಹಿಟ್ಟಲ್ಲ!" ಎದ್ದೇ ಬಿಟ್ಟ,
ಕೋಟಿನ ಒಂದು ತೋಳು ಆಗಲೇ ತೂರಿಸಿಕೊಂಡು.

ಕೂತುಕೊಳ್ಳಿ ಅಂದೆ.
ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ, ನಿಜ;
ಕೂಗಲಿಲ್ಲವೆಂದು ಇನ್ನೂ ರಾತ್ರಿ ಅಂತ ಬರೆದಿಡಲೇ?

ಅದೇ ಸೀಸೆಯಿಂದ ನನಗೊಂದು ಚುಚ್ಚಿಕೊಂಡೆ.
ಇಬ್ಬರೂ ಬಗ್ಗಿ ನೋಡಿದೆವು.
ಉಬ್ಬಿತು, ಚೆನ್ನಾಗಿಯೇ.

"ಮಾತ್ರೆ ಏನಾದರೂ?"
"ಇಲ್ಲ." ಆಮೇಲೆ ನೆಲ ನೋಡುತ್ತ,
"ತುರಿಕೆಗಲ್ಲ, ನಿದ್ದೆಗೆ. ನನ್ನದೂ ಅಲ್ಲ,
ಮೈಮುವಿನದು. ಉಳಿದಿತ್ತು.
ಎಸೆಯೋಕೆ ಮನಸ್ಸು ಬರಲಿಲ್ಲ."

ಹೆಸರು ಕೇಳಿದೆ. ಅದೇ.
ಕಣ್ಣು ಮುಚ್ಚಿಸುತ್ತಲೇ
ಚರ್ಮದ ಬಾಯನ್ನೂ ಮುಚ್ಚಿಸುವ ಮಾತ್ರೆ.

"ಒಂದು ವಾರ ಬಿಟ್ಟು ಬನ್ನಿ. ಒಂದೂ ನುಂಗದೆ."
"ಹನ್ನೊಂದು ಉಳಿದಿವೆ," ಅಂದ.
ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.
ಕೋಟಿನ ಇನ್ನೊಂದು ತೋಳು ಹುಡುಕಲು ನೆರವಾದೆ.

ರೈ ಎದುರು 'ಇಲ್ಲ' ಎಂದು ಬರೆಯಲಿಲ್ಲ.
ಇಡೀ ಪುಟಕ್ಕೆ ಅಡ್ಡಗೆರೆ: ಓದಲಾಗದು, ಮತ್ತೊಮ್ಮೆ.

ಅವನು ಮೆಟ್ಟಿಲಿಳಿದು ಹೋದ ಮೇಲೂ
ನನ್ನ ಮುಂಗೈ ತುರಿಸುತ್ತಲೇ ಇತ್ತು.
ಕೆರೆದುಕೊಳ್ಳಲಿಲ್ಲ.
ಅಳತೆ ಕೆಡುತ್ತದೆ.