ರದ್ದು

ಸೊಹಾರಿನ ಮೀನಿನ ಸೂಕ್ ಹಿಂದೆ ನಮ್ಮ ಲೈಬ್ರರಿ.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಳೆಯ ಸರ್ವರ್,
ಇಪ್ಪತ್ತು ಬೇಸಿಗೆ ಗೊರಕೆ ಹೊಡೆದದ್ದು.
ಅದರ ಬೆನ್ನ ಬಿಸಿಗೆ ಬೆಕ್ಕೊಂದು
ಪ್ರತಿ ಜನವರಿ ಮರಿ ಹಾಕಿದೆ.

ಗುರುವಾರ ಸಂಜೆ ಬಾಗಿಲು ಹಾಕಿ ಶುರು.
ಮಸ್ಕತ್ತಿನಿಂದ ಬಂದ ತುರಯ್ಯಾ ಬಲೂಶಿ
ಹೊಸ ಡಬ್ಬಿಗೆ ತಂತಿ ಸಿಕ್ಕಿಸಿ, ಮೈಗ್ರೇಶನ್, ಎಂದಳು.
ನಮ್ಮ ಕಡೆ ಇದಕ್ಕೆ ಒಕ್ಕಲು ಅನ್ನುತ್ತಾರೆ,
ಹಾಲುಕ್ಕಿಸಬೇಕು, ಎಂದೆ.
ಹಾಲಿನ ಪುಡಿ ಇತ್ತು. ಚಹಾ ಮಾಡಿದೆವು.
ಎಬ್ಬಿಸುವ ಬಾಲ ಸೇರಿದರೆ ಅದೇ ಮಾತು
ಬೀದಿಗೆ ಹಾಕುತ್ತದೆ;
ಅದನ್ನು ಹೇಳಲಿಲ್ಲ.

ಅರವತ್ತೆರಡು ಸಾವಿರ ಪುಸ್ತಕ, ಸಾವಿರದ ಹಿಂಡಾಗಿ ದಾಟಿದವು.
ಮೊದಲ ಸಲ ಅರಬ್ಬಿ ಹೆಸರೆಲ್ಲ ಪ್ರಶ್ನೆಚಿಹ್ನೆ:
ಬರೆದವರು ಯಾರು? ????
ಊರು ಯಾವುದು? ????
ಎರಡನೆಯ ಸಲ ಅಕ್ಷರ ಬಂದವು, ಎಡದಿಂದ ಬಲಕ್ಕೆ,
ಕನ್ನಡಿಯಿಂದ ಹೊರಬಿದ್ದವರಂತೆ.
ಮೂರನೆಯದಕ್ಕೆ ತುರಯ್ಯಾ ಚಪ್ಪಲಿ ಬಿಚ್ಚಿ
ಕಾಲು ಮಡಚಿ ಕೂತಳು.

ಹಳೆ ಮನೆಯ ಒಂದೊಂದು ಅಂಕಣಕ್ಕೂ ಹೊಸದರಲ್ಲಿ ಜಾಗ ಸಿಕ್ಕಿತು.
ಷರಾ ಅಂಕಣಕ್ಕೆ ಸಿಗಲಿಲ್ಲ.
ಅದರ ತುಂಬ ಲೀನಸ್ ಕುಟಿನ್ಹೊ,
ನನಗಿಂತ ಮೊದಲು ಈ ಕುರ್ಚಿ ಸವೆಸಿದವರು,
ಎರಡೇ ಬೆರಳಲ್ಲಿ ಕುಟ್ಟಿದ ಕನ್ನಡ,
ಇಂಗ್ಲಿಷ್ ಅಕ್ಷರದ ಅಂಗಿ ತೊಡಿಸಿ:
ಒದ್ದೆಯಾಗಿ ಬಂತು. ಚಂಡಮಾರುತದ ವಾರ. ದಂಡ ಬೇಡ.
ಈಕೆ ಓದಲು ಕಲಿತದ್ದು ಇದರಲ್ಲೇ. ಇಟ್ಟುಕೊಂಡಿರಬೇಕು. ಇರಲಿ.

ಬಾರದ ಪುಸ್ತಕಗಳ ಪಟ್ಟಿಯ ಕೊನೆಗೆ
ಶೀನ ಖಾರ್ವಿ, ಗಂಗೊಳ್ಳಿ.
ಹೂಳೆತ್ತುವ ಹಡಗಿನಲ್ಲಿ ಗ್ರೀಸು ಹಚ್ಚುವ ಹುಡುಗ.
ಡೀಸೆಲ್ ಎಂಜಿನ್ ದುರಸ್ತಿಯ ಕೈಪಿಡಿ, ಒಂದು.
ವಾಯಿದೆ ಹದಿನಾಲ್ಕು ದಿನ.
ಕಂಪನಿ ಮುಳುಗಿ ರಾತ್ರೋರಾತ್ರಿ ವಿಮಾನ ಹತ್ತಿಸಿದರಂತೆ.
ಅಂದಿನಿಂದ ದಿನಕ್ಕೆ ಐವತ್ತು ಬೈಸಾ,
ಈದ್ ರಜೆಯಲ್ಲೂ, ಕೊರೋನಾಕ್ಕೆ ಊರೇ ಬಾಗಿಲು ಹಾಕಿದಾಗಲೂ,
ಮೆಟ್ಟಿಲ ಕೆಳಗೆ ಡಬ್ಬಿ ತಪ್ಪದೆ ಎಣಿಸಿದೆ.
ಮುನ್ನೂರ ನಲವತ್ತೇಳು ರಿಯಾಲ್.
ಷರಾದಲ್ಲಿ ಲೀನಸ್: ಬರುತ್ತಾನೆ.

ಬಾಕಿ, ಎಂದೆ. ಆ ಮಾತು ಅವಳಿಗೂ ಗೊತ್ತಿತ್ತು, ಅವಳದೇ.
ಗಂಟೆ ಮೂರು. ಕಣ್ಣುಜ್ಜಿಕೊಳ್ಳುತ್ತ
ನನಗೆ ನಾನೇ ಗೊಣಗಿಕೊಂಡೆ: ರದ್ದು.

ನಮ್ಮಲ್ಲಿ ರದ್ದು ಅಂದರೆ ಹೊಡೆದುಹಾಕು,
ರೇಶನ್ ಕಾರ್ಡಿನ ಹಾಗೆ,
ಕುಂದಾಪುರದ ಆರೂವರೆ ಬಸ್ಸಿನ ಹಾಗೆ.
ಅವಳಲ್ಲಿ ರದ್ದ್ ಅಂದರೆ ಹಿಂದಿರುಗಿಸುವುದು.
ತಂದು ಕೊಟ್ಟನಾ, ಎಂಬಂತೆ ಹುಬ್ಬೇರಿಸಿ
ಅದನ್ನೇ ಒತ್ತಿದಳು.
ದಂಡ ಸೊನ್ನೆ.
ಪುಸ್ತಕ ಕಪಾಟಿನಲ್ಲಿದೆ, ಎಂದಿತು ಪರದೆ, ಹಸಿರಾಗಿ.

ತಿದ್ದಬಹುದಿತ್ತು ನಾನು.

ಭಾನುವಾರ ಹಳೆ ಡಬ್ಬಿಯನ್ನು ಕೈಗಾಡಿಯಲ್ಲಿ ಒಯ್ದರು.
ಹೊಸದರ ಮೈ ತಣ್ಣಗೆ.
ಬೆಕ್ಕು ಮೂಸಿ ನೋಡಿ ಮುನಿಸಿಕೊಂಡಿದೆ.

ಮಂಗಳವಾರ ಬಂದರಿನ ಕಡೆಯ ಹುಡುಗನೊಬ್ಬ,
ಉಗುರಲ್ಲೆಲ್ಲ ಮಸಿ,
ಡೀಸೆಲ್ ಎಂಜಿನ್ ದುರಸ್ತಿ ಬೇಕಂತೆ.
ಇದೆಯಲ್ಲ, ಎಂದು ಪರದೆಯ ಮೇಲೆ ಬೆರಳಿಟ್ಟ.
ಎದ್ದು ಹೋದೆ. ಮೂರನೆಯ ಸಾಲು,
ಕೆಳಗಿಂದ ಎರಡನೆಯ ಹಲಗೆ.
ದಪ್ಪನೆಯ ಎರಡು ಪುಸ್ತಕದ ನಡುವೆ
ಹೆಬ್ಬೆರಳಗಲದ ಜಾಗ. ಲೀನಸ್ ಬಿಟ್ಟದ್ದೋ ಏನೋ.
ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ನಾಳೆ ಬಾ, ಎಂದೆ ಹುಡುಗನಿಗೆ,
ಈಗಷ್ಟೇ ಒಕ್ಕಲಾಗಿದ್ದೇವೆ,
ಸಾಮಾನಿನ್ನೂ ಹರಡಿಯೇ ಇದೆ.