ಗುಮಾಸ್ತನ ಗ್ರೀಕು

ಹಾಸನದ ದೊಡ್ಡಾಸ್ಪತ್ರೆಯ ಹಿಂಬದಿ, ಶವಾಗಾರ.
ರಾತ್ರಿ ಪಾಳಿ, ಮಿಣುಕುವ ಟ್ಯೂಬ್‌ಲೈಟು.
ರಿಜಿಸ್ಟರಿನ ಕೊನೆ ಹಾಳೆಯಲ್ಲಿ
ಪೆನ್ಸಿಲಿನಿಂದ ಬರೆದುಕೊಂಡಿದ್ದೇನೆ:
ಒಲೊಫ್ಯೂರೊಮಾಯ್.
ಗೋಳಾಡುತ್ತೇನೆ.

ಕಲಿಸಿದವರು ಲಿಗೋರಿ ಪಾದ್ರಿಗಳು.
ಸತ್ತವರಿಗೆ ಪ್ರಾರ್ಥನೆ ಹೇಳಲು ಬಂದು
ಟೀ ಬರುವ ತನಕ ಕೂತು
ಕ್ರಿಯಾಪದ ಬಿಡಿಸುತ್ತಿದ್ದರು
ಹಲಸಿನ ತೊಳೆ ಬಿಡಿಸಿದ ಹಾಗೆ,
ಬೆರಳಿಗೆ ಎಣ್ಣೆ ಸವರಿಕೊಂಡು.

‘ಇದಕ್ಕೆ ಕರ್ತರಿ ರೂಪ ಇಲ್ಲ ಕಣಯ್ಯ.
ಮಾಡಿ ಮುಗಿಸಿ ಕೈ ತೊಳೆಯುವ ಹಾಗಿಲ್ಲ.
ಮಾಡಿದವಳ ಮೇಲೇ ಬಂದು ಬೀಳುತ್ತದೆ.’
ನಮ್ಮಲ್ಲೂ ಇದೆ ಫಾದರ್, ಅಂದೆ.
ಹಾಡ್ಕೊಂಡು ಅಳ್ತಾರೆ, ಹೇಳ್ಕೊಂಡು ಅಳ್ತಾರೆ,
ಆ ‘ಕೊಂಡು’ ಇದೆಯಲ್ಲ, ಅದು.
ಅವರು ಲೋಟ ಕೆಳಗಿಟ್ಟರು.

ಅವತ್ತೇ ಬಂದಿದ್ದಳು ಕೋಣನೂರಿನ ಚಿಕ್ಕತಾಯಮ್ಮ.
ತಮ್ಮ ಟೈಲರು. ಬೈಕು. ಬೈಪಾಸು.
ಗೋಡೆಗೆ ಬೆನ್ನು ಕೊಟ್ಟು ಕೂತವಳೇ ಎತ್ತಿಕೊಂಡಳು:
ಎಡದ ತೋಳು ಬಾಕಿ ಬಿಟ್ಟೆಯಲ್ಲೋ ನನ್ನಪ್ಪಾ
ಪೋಸ್ಟಿನ ಈರಯ್ಯನ ಅಂಗಿಗೆ,
ಕಾಗೆಕಾಲಿನ ಅಕ್ಷರದೋನೇ
ನಿನ್ನ ಅಳತೆ ಪುಸ್ತಕ ಯಾರು ಓದಲೋ,
ಯಾರ ಕತ್ತು ಎಷ್ಟಂತ ಯಾರ ಕೇಳಲೋ...
ಪಾದ್ರಿಗಳು ಕಣ್ಣು ಮುಚ್ಚಿ
ಬೆರಳ ಗೆಣ್ಣಲ್ಲಿ ಮಾತ್ರೆ ಎಣಿಸುತ್ತಿದ್ದರು.

ಕಾಲಗಳ ಪಾಠ ಆಮೇಲಿನ ವಾರ.
ಗ್ರೀಕಿನಲ್ಲಿ ಭೂತಕಾಲಕ್ಕೆ ಹೋದರೆ
ಮೊದಲ ಒ ಹಿಗ್ಗಿ ಓ ಆಗುತ್ತದೆ:
ಓಲೊಫ್ಯುರಾಮೇನ್.
ನಮ್ಮದರಲ್ಲಿ ಳ ಉದುರಿಹೋಗಿ
ಅತ್ತ.
ಅತ್ತ ಅಂದರೆ ಆ ಕಡೆ ಅಂತಲೂ, ಅಂದೆ.
ಅಳಿಸು ಅಂದರೆ ಒರೆಸಿಹಾಕು ಅಂತಲೂ.
‘ಸಾಕು ಮಾರಾಯ’ ಎಂದು ನಕ್ಕರು.
ಭವಿಷ್ಯತ್ತಿಗೂ ರೂಪ ಉಂಟೇ?
‘ಉಂಟು. ಬೇಕಾದಾಗ ಹೇಳುತ್ತೇನೆ.’

ಹೋದ ಗುರುವಾರ ಅವರೇ ಬಂದರು,
ನಂಬರು ಹದಿನಾಲ್ಕು.
ಚರ್ಚಿನ ಕಡೆಯವರು ಇಬ್ಬರು.
ಮೆಲ್ಲಗೆ ಮಾತಾಡಿದರು,
‘ಸಂಬಂಧ’ ಎಂಬ ಕಲಂ ಖಾಲಿ ಬಿಟ್ಟು
ಸಹಿ ಹಾಕಿ, ವ್ಯಾನು ತರಲು ಹೋದರು.
ಯಾರೂ ಎತ್ತಿಕೊಳ್ಳಲಿಲ್ಲ.

ನನಗೆ ಹಾಡಿಕೊಳ್ಳಲು ಬರುವುದಿಲ್ಲ.
ಗಂಡಸು, ಸರ್ಕಾರಿ ನೌಕರ,
ಹೆತ್ತವ್ವ ಹೋದಾಗಲೂ
ಮೂರು ಪ್ರತಿ ಫಾರಂ ತುಂಬಿದವನು.
ಬಾಗಿಲು ಮುಂದೆ ಮಾಡಿಕೊಂಡು
ಮೊದಲ ದೀರ್ಘವಷ್ಟನ್ನೇ ಹೇಳಿದೆ.
ಓ
ಉಳಿದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.

ಹೊರಗೆ ಬೀಡಿ ಆರಿಸಿದ ವಾಚ್‌ಮನ್ ಬೈರಲಿಂಗ,
ಯಾರು ಕರೆದ್ರು ಸಾರ್? ಅಂದ.