ಎಳೆ ಪಾಕ

ಸಕ್ಕರೆ ಒಂದೂವರೆ ಕೆಜಿ, ಎಮ್ಮೆ ಹಾಲಿನ ಕೆನೆ ಅದರರ್ಧ,
ಚಿಟಿಕೆ ಉಪ್ಪು.
ಇಷ್ಟನ್ನು ಒಬ್ಬಳೇ ಅಳೆಯಬಹುದು,
ಒಬ್ಬಳೇ ನಿಂತು ಕುದಿಸಲೂಬಹುದು.
ಎಳೆಯುವುದಕ್ಕೆ ಮಾತ್ರ ಇಬ್ಬರು ಬೇಕು.

ದಿನಾ ನನ್ನ ಜೊತೆ ಎಳೆಯುವ ಸಾಕಮ್ಮನ ಮಗಳು
ಬೆಳಿಗ್ಗೆ ಫೋನು ಮಾಡಿ ಕಣ್ಣುಬೇನೆ ಅಂದಳು.
ಇನ್ನೂರು ಕ್ರೀಮ್ ಮಿಠಾಯಿ, ನೂರಿಪ್ಪತ್ತು ಕಸ್ಟರ್ಡ್ ಚಿಪ್ಪು,
ನಾಳೆ ಹನ್ನೊಂದಕ್ಕೆ ಸ್ವರ್ಣಸಂದ್ರದಲ್ಲಿ ನಾಮಕರಣ;
ಮುಂಗಡ ತಗೊಂಡು ಗ್ಯಾಸಿನವನಿಗೆ ಕೊಟ್ಟಾಗಿತ್ತು.

ಮಹಡಿ ಮೇಲೆ ಜಯಶೀಲ ಇದ್ದಳು.
ನನ್ನ ಓರಗಿತ್ತಿ.
ಮೂರು ವರ್ಷದಿಂದ ಮೆಟ್ಟಿಲಲ್ಲಿ ಎದುರಾದರೆ
ಒಬ್ಬಳು ಗೋಡೆ ನೋಡುತ್ತಾಳೆ, ಇನ್ನೊಬ್ಬಳು ಕಂಬಿ.
ಅತ್ತೆಯ ಕಾಸಿನ ಸರದಲ್ಲಿ ಇಪ್ಪತ್ತಮೂರು ಕಾಸಿದ್ದವು,
ಅಷ್ಟೇ ವಿಷಯ.
ಅವಳಿಗೆ ಹನ್ನೊಂದು, ನನಗೆ ಹನ್ನೊಂದು. ಮಿಕ್ಕಿದ್ದು ಒಂದು.
ಗಂಡಸರು ಮಾತಾಡಿ ಅದನ್ನು ಪೇಟೆ ಬೀದಿಯ ಆಚಾರಿ ಹತ್ತಿರ ಬಿಟ್ಟು ಬಂದರು;
ಚೀಟಿ ಮಾತ್ರ ಯಾರ ಹತ್ತಿರವೂ ಇಲ್ಲ.

ಮಗಳನ್ನು ಅಟ್ಟಿದೆ. "ಅಮ್ಮ ಕರೀತಾವ್ಳೆ ಅನ್ಬೇಡ,
ಪಾಕ ಕರೀತದೆ ಅನ್ನು."
ಅಲ್ಲಿ ಏನು ಹೇಳಿದಳೋ. ಅವಳು ಇಳಿದು ಬಂದಳು,
ಬಳೆ ಬಿಚ್ಚಿ ಕಿಟಕಿಯಲ್ಲಿಟ್ಟು
ಮೊಣಕೈವರೆಗೆ ಕೈ ತೊಳೆದಳು.

ಕಬ್ಬು ಅರೆಯುವ ಕಾಲ. ಹೊರಗೆ ಕಾರ್ಖಾನೆಯ ಹೊಗೆ,
ಒಣಹಾಕಿದ ಬಟ್ಟೆಗೂ ಕಾಕಂಬಿ ನಾತ.
ಈ ಮಂಡ್ಯದಲ್ಲಿ ಸಕ್ಕರೆ ಎಂದರೆ ಯಾರಿಗೂ ಬೆರಗಿಲ್ಲ.
ನನಗಿದೆ.
ಒಂದೆಳೆಯಲ್ಲಿ ನಿಂತರೆ ಅದು ಮೈಸೂರುಪಾಕು.
ಇದು ಎಳೆ ದಾಟಿ, ಉಂಡೆ ದಾಟಿ,
ತಣ್ಣೀರಿಗೆ ಬಿಟ್ಟ ಹನಿ ಲೋಟಕ್ಕೆ ತಾಗಿ
ಟಣ್ ಅನ್ನಬೇಕು, ಬಿದ್ದ ಕಾಸಿನ ಹಾಗೆ.
ಅಂದಿತು. ಇಬ್ಬರಿಗೂ ಕೇಳಿಸಿತು.

ಬೆಣ್ಣೆ ಸವರಿದ ಕಡಪಾ ಕಲ್ಲಿನ ಮೇಲೆ ಸುರಿದೆ.
ಅವಳ ತುದಿ ಅವಳಿಗೆ, ನನ್ನ ತುದಿ ನನಗೆ.
ಎಳೆ, ಮಡಿಸು, ತಿರುಚು, ಮತ್ತೆ ಎಳೆ.
ಹಿಡಿದರೆ ಸುಡುತ್ತದೆ, ಬಿಟ್ಟರೆ ಕಲ್ಲಾಗುತ್ತದೆ.
ಮಡಿಸುವಾಗೆಲ್ಲ ಒಬ್ಬಳ ತುದಿ ಇನ್ನೊಬ್ಬಳ ಕೈಗೆ ಬರಬೇಕು,
ಬೆರಳಿಗೆ ಬೆರಳು ತಾಗಿಸದೆ ಕೊಡುವ ಉಪಾಯ
ಇನ್ನೂ ಯಾರೂ ಕಂಡುಹಿಡಿದಿಲ್ಲ.
ಮೊದಲು ಜೇನಿನ ಬಣ್ಣ,
ಆಮೇಲೆ ಮಾಸಿದ ಪಂಚೆಯ ಬಣ್ಣ,
ಕೊನೆಗೆ ಹೊಸ ರೇಷ್ಮೆಗೂಡು.
ಅವಳ ತೋಳಿಗೆ ಇಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.
ನನ್ನ ಮೊಣಕಾಲ ನೋವು ಅವಳಿಗೆ ಹೇಗೋ ಗೊತ್ತಿತ್ತು;
ಪ್ರತಿ ಸಲವೂ ಅವಳೇ ನಡೆದು ಬಂದಳು.

ಒಲೆಯ ಮೇಲೆ ಕಸ್ಟರ್ಡು.
ಹಾಲುಬಾಯಿ ತಿರುವಿದ ಕೈಗೆ ಇದೇನು ಮಹಾ ಎಂದು
ನಾನು ಕತ್ತರಿ ಹಿಡಿದು ಮಿಠಾಯಿ ತುಂಡರಿಸುತ್ತ ಕೂತಿದ್ದೆ.
"ಉರಿ ತಗ್ಸಕ್ಕ, ತಳ ಹತ್ತದೆ."
ಮೂರು ವರ್ಷಕ್ಕೆ ಮೊದಲ ಮಾತು.
ಉತ್ತರ ಕೊಡಲಿಲ್ಲ, ಉರಿ ತಗ್ಗಿಸಿದೆ.
ತಳ ಆಗಲೇ ಒಂದಿಷ್ಟು ಹತ್ತಿತ್ತು.
ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿದೆವು,
ತಳ ಮಗಳ ಪಾಲಿಗೆ.

ಹಾಲಿನ ಕವರಿನ ಮೂಲೆ ಕತ್ತರಿಸಿ ಕಸ್ಟರ್ಡು ತುಂಬಿ
ನಾನು ಹಿಂಡಿದೆ, ಅವಳು ಚಿಪ್ಪು ಹಿಡಿದಳು.
ಅರವತ್ತು ಮುಗಿದ ಮೇಲೆ ಕೈ ಬದಲಾಯಿಸಿದೆವು.
ಅವಳದು ಧಾರಾಳ ಕೈ, ಉಕ್ಕುವಷ್ಟು ಹಿಂಡುತ್ತಾಳೆ.
ನಷ್ಟ. ಹೇಳಲಿಲ್ಲ.

ಹೋಗುವಾಗ ಒಂದು ಮಿಠಾಯಿ ಕಚ್ಚಿ ಮುಖ ಸಿಂಡರಿಸಿದಳು.
"ಕಲ್ಲು. ಕೆಟ್ಟೋಯ್ತ?"
"ಇಲ್ಲ. ಡಬ್ಬಿಯೊಳಗೆ ಒಂದು ರಾತ್ರಿ ಬೇಕು."

ಬೆಳಿಗ್ಗೆ ಐದೂವರೆಗೆ ಮುಚ್ಚಳ ತೆಗೆದು
ಉಗುರಿನಲ್ಲಿ ಒತ್ತಿ ನೋಡಿದೆ.
ಉಗುರು ಇಳಿಯಿತು, ಒಳಗೆಲ್ಲ ಕೆನೆ.

ಕಿಟಕಿಯಲ್ಲಿ ಅವಳ ಬಳೆ ಹಾಗೇ ಇದ್ದವು,
ಗಾಜಿನವು ನಾಲ್ಕು, ಚಿನ್ನದ್ದು ಎರಡು.
ಎಣಿಸಲಿಲ್ಲ ಎನ್ನಲಾರೆ.
ಮಗಳ ಕೈಲಿ ಕಳಿಸಬಹುದಿತ್ತು.
ಕಳಿಸಲಿಲ್ಲ.
ಅವಳೇ ಇಳಿದು ಬರಲಿ.